ಒಂದು ತಾಣದ ಎಣಿಕೆ ಸಾಲದು
ಒಂದು ತಾಣದ ಜನವರಿ ಎಣಿಕೆಯಲ್ಲಿ ವಲಸೆ ಬಾತುಗಳು ಹೆಚ್ಚು ಕಂಡವು, ಆದ್ದರಿಂದ ಅವುಗಳ ಸಂತತಿ ಚೇತರಿಸಿಕೊಳ್ಳುತ್ತಿದೆ ಎಂದು ಲೇಖನವೊಂದರಲ್ಲಿ ಬಂದ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಸುತ್ತಲಿನ ಜವುಗು ಬತ್ತಿದಾಗ ನೀರು ಉಳಿದ ಒಂದೇ ಜಾಗಕ್ಕೆ ಹಕ್ಕಿಗಳು ಬಂದು ಸೇರುತ್ತವೆ. ಅಲ್ಲಿ ನಿಂತು ಎಣಿಸಿದವರಿಗೆ ಅದು ಏರಿಕೆಯಂತೆಯೇ ಕಾಣುತ್ತದೆ.

ಒಂದು ತಾಣ ಹೋದರೆ ಹಕ್ಕಿಗಳು ಇನ್ನೊಂದಕ್ಕೆ ಹೋಗುತ್ತವೆ ಎನ್ನುವುದೂ ಅಷ್ಟು ಸರಳವಲ್ಲ. ದಕ್ಷಿಣ ಕೊರಿಯಾದ ಸೆಮಾನ್‌ಗಮ್‌ನಲ್ಲಿ ಸುಮಾರು 33 ಕಿ.ಮೀ. ಉದ್ದದ ಕಡಲಗೋಡೆ ಕಟ್ಟಿ 2006ರಲ್ಲಿ ಉಬ್ಬರವಿಳಿತದ ಕೆಸರುಬಯಲನ್ನು ಮುಚ್ಚಿದರು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಎಂಬ, ಕೆಸರಿನಲ್ಲಿ ಮೇಯುವ ವಲಸೆ ಹಕ್ಕಿಗಳು ಪಕ್ಕದ ತೀರಗಳಲ್ಲಿ ಆ ಪ್ರಮಾಣದಲ್ಲಿ ಕಾಣಲೇ ಇಲ್ಲ, ವಲಸೆಯ ಇನ್ನೊಂದು ತುದಿಯಾದ ಆಸ್ಟ್ರೇಲಿಯಾದಲ್ಲೂ ಕಡಿಮೆಯಾದವು. ಸಾವಿರಾರು ಕಿ.ಮೀ. ಹಾರಿ ಮೈಯ ಕೊಬ್ಬು ಕರಗಿಸಿಕೊಂಡು ಬಂದ ಹಕ್ಕಿಗೆ ಚಿಪ್ಪುಜೀವಿಗಳು ಆಗಲೇ, ಅಲ್ಲೇ ಸಿಗಬೇಕು. ಪಕ್ಕದ ತೀರದಲ್ಲಿ ಮೊದಲೇ ಬೇರೆ ಹಿಂಡು ಮೇಯುತ್ತಿರುತ್ತದೆ. ನೆನೆದರೆ ಸಂಕಟವಾಗುತ್ತದೆ.

ಬಾತುಗಳ ಎಣಿಕೆ ನಡೆದ ವರ್ಷವೇ ಅವುಗಳ ವಲಸೆ ಹಾದಿಯ ಉಳಿದ ತಾಣಗಳಲ್ಲಿ ಎಷ್ಟು ಬಾತುಗಳಿದ್ದವು, ಹಿಂಡಿನಲ್ಲಿ ಮರಿಗಳ ಪಾಲೆಷ್ಟು ಎಂಬ ಅಂಕಿಗಳಿದ್ದರೆ ಲೇಖಕರು ದಯವಿಟ್ಟು ಕೊಡಲಿ.