ಓಪನ್ ಆಕ್ಸೆಸ್ ಅಂದರೆ ಬೋಗಸ್ ಅಲ್ಲ
ದಾವಣಗೆರೆಯ ಪಿಎಚ್‌ಡಿ ವಿದ್ಯಾರ್ಥಿಗಳ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಓಪನ್ ಆಕ್ಸೆಸ್ ಜರ್ನಲ್‌ಗಳೆಲ್ಲ ದುಡ್ಡು ಕೊಟ್ಟರೆ ಅಚ್ಚು ಹಾಕುವ ಅಂಗಡಿಗಳು.' ಇದು ತಪ್ಪು. ಜರ್ನಲ್ ಅಂದರೆ ಸಂಶೋಧನಾ ಲೇಖನಗಳ ಪತ್ರಿಕೆ. ಅದು ಓಪನ್ ಆಕ್ಸೆಸ್ ಅಂದರೆ ಓದುವವರು ದುಡ್ಡು ಕೊಡಬೇಕಿಲ್ಲ, ಅಷ್ಟೇ. ಗ್ರಾಮಸಭೆಗೆ ಜನ ಯಾಕೆ ಬರುವುದಿಲ್ಲ ಅಂತ ಯಾರೋ ವರ್ಷಗಟ್ಟಲೆ ಹಳ್ಳಿ ಸುತ್ತಿ ಬರೆದ ಲೇಖನವನ್ನು ಹರಿಹರದ ಕಡೆಯ ಪಂಚಾಯಿತಿ ಸದಸ್ಯರೊಬ್ಬರು ಮೊಬೈಲ್‌ನಲ್ಲೇ ಓದಬಹುದು, ಒಳ್ಳೆಯದೇ ಅಲ್ವಾ? ಕೆಲವು ಜರ್ನಲ್‌ಗಳು ಲೇಖಕರಿಂದ ಶುಲ್ಕ ತಗೊಳ್ಳುತ್ತವೆ, ನಿಜ. ಓದುವವರು, ಬರೆಯುವವರು ಇಬ್ಬರಿಂದಲೂ ಬಿಡಿಗಾಸು ಕೇಳದವೂ ಬೇಕಾದಷ್ಟಿವೆ. ಅವಕ್ಕೆ ಡೈಮಂಡ್ ಓಪನ್ ಆಕ್ಸೆಸ್ ಅಂತಾರೆ. 2003ರಲ್ಲಿ ಶುರುವಾದ ಡಿಒಎಜೆ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್) ಅನ್ನೋ ಆನ್‌ಲೈನ್ ಪಟ್ಟಿಯಲ್ಲಿ ಜರ್ನಲ್ ಹೆಸರು ಹಾಕಿ ನೋಡಿ, ಪಟ್ಟಿಯಲ್ಲಿದ್ದರೆ ಶುಲ್ಕ ಉಂಟೋ ಇಲ್ಲವೋ, ಲೇಖನ ಪರಿಶೀಲಿಸುವ ಬಗೆ ಯಾವುದು ಅಂತ ಅಲ್ಲೇ ಇರುತ್ತದೆ. ಮೋಸದವು ಇಲ್ಲ ಅಂತಲ್ಲ. 'ಎರಡೇ ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಫ್ರೀ' ಅಂತ ನನಗೂ ಮೇಲ್ ಬಂದಿತ್ತು. ಸುಮ್ನೆ ಅಳಿಸಿಹಾಕಿದೆ.