ಅವನನ್ನೇ ಕೇಳಿ ಸ್ವಾಮಿ!

ನಿನ್ನೆ ಹಾಸನದ ಹೋಟ್ಲಲ್ಲಿ, ಮಾತು ಬಾರದ ನನ್ನ ತಮ್ಮ ತನ್ನ ಪರವಾಗಿ ಮಾತಾಡೋ ಟ್ಯಾಬ್ ಒತ್ತಿದ. ‘ನನಗೆ ಖಾಲಿ ದೋಸೆ ಬೇಕು’ ಅಂತ ಅದು ಸ್ಪಷ್ಟವಾಗಿ ಹೇಳ್ತು. ಸಪ್ಲೈಯರ್ ನನ್ನ ಮುಖ ನೋಡಿ, ‘ಇವ್ರಿಗೇನಂತೆ ಸಾರ್?’ ನಾನೇನು ದುಭಾಷಿನಾ? ಕನ್ನಡದಿಂದ ಕನ್ನಡಕ್ಕೆ?

ಇಪ್ಪತ್ತಾರರ ಹುಡುಗನಿಗೆ ‘ಪುಟ್ಟಾ, ಊಟ ಆಯ್ತಾ?’ ಅಂತ ರಾಗ. ಬಾಯಿ ಬರದಿದ್ರೆ ಕಿವಿನೂ ಇಲ್ಲ ಅನ್ಕೊಂಡು ಕಿರುಚೋರು ಬೇರೆ. ಅವನು ಉತ್ತರ ಒತ್ತೋ ಅರ್ಧ ನಿಮಿಷ ಕಾಯೋಕೆ ಪುರುಸೊತ್ತಿಲ್ಲ. ಸಕಲೇಶಪುರದ ಬಸ್ಸಿಗೆ ಮಾತ್ರ ಮುಕ್ಕಾಲು ಗಂಟೆ ಕಾಯ್ತಾರೆ! 1985ರಲ್ಲಿ ದನಿ ಕಳಕೊಂಡ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಮಷೀನಲ್ಲಿ ಮಾತಾಡಿದ್ರೆ ಜಗತ್ತೇ ಕಿವಿಗೊಡ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದನ್ನ ಸಂವಹನ ಅಂತಲೇ ಒಪ್ಪಿದೆ. ನಮ್ಮೋರು? ‘ಮೊಬೈಲ್ ಚಟ ಬಿಡಿಸಿ ಸಾರ್, ಮಾತು ತಾನಾಗೇ ಬರುತ್ತೆ!’

ಕೊನೆಗೂ ಖಾಲಿ ದೋಸೆ ಬಂತು. ತಂದು ನನ್ನ ಮುಂದೆ ಇಟ್ಟ.