ಗ್ಲೇಜ್ ಡಬ್ಬಿಯ ಮೇಲಿನ ‘ಯೂನಿವರ್ಸಲ್’ ನೋಡಿ ಸುಮ್ನೆ ತರಬೇಡಿ

ಹಲ್ಲಿನ ಕ್ಯಾಪ್ ಮಾಡುವ ಎರಡು ಸೆರಾಮಿಕ್‌ಗಳಾದ ಜಿರ್ಕೋನಿಯಾಕ್ಕೂ ಲಿಥಿಯಂ ಡೈಸಿಲಿಕೇಟ್‌ಗೂ ಒಂದೇ ಗ್ಲೇಜ್ (ಮೇಲೆ ಹಚ್ಚಿ ಸುಡುವ, ಗಾಜಿನಂಥ ಹೊಳಪಿನ ಲೇಪ) ಸಾಕು ಎಂದು ನಿಮ್ಮ ಪೋಸ್ಟ್‌ನಲ್ಲಿ ಬರೆದಿದ್ದೀರಿ. ಒಪ್ಪುತ್ತೇನೆ. ವಿಜಯಪುರದ ನಮ್ಮ ಸಣ್ಣ ಡೆಂಟಲ್ ಲ್ಯಾಬಿನಲ್ಲೂ ಒಂದೇ ಪೇಸ್ಟ್. ನಾಲ್ಕು ಡಬ್ಬಿ ತೆರೆದಿಟ್ಟರೆ ದುಡ್ಡು ದಂಡ, ಗೊಂದಲವೂ ಜಾಸ್ತಿ.

ಆದರೆ ಕೊಳ್ಳುವ ಮುಂಚೆ ಸಿಟಿಇ, ಅಂದರೆ ಬಿಸಿಗೆ ಎಷ್ಟು ಹಿಗ್ಗುತ್ತದೆ ಎಂಬ ಅಂಕಿ ನೋಡಿ. ಜಿರ್ಕೋನಿಯಾ, ಡೈಸಿಲಿಕೇಟ್ ಎರಡೂ 10ರ ಆಸುಪಾಸು (ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂಬ ಲೆಕ್ಕ). ಲೋಹದ ಮೇಲಿನ ಪೋರ್ಸಲೇನ್ ಸುಮಾರು 12ರಿಂದ 14. ಗ್ಲೇಜ್‌ನದು ಕೆಳಗಿನ ಸೆರಾಮಿಕ್‌ಗಿಂತ ತುಸು ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಆರುವಾಗ ಗ್ಲೇಜೇ ಹೆಚ್ಚು ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಪೇಸ್ಟ್ ಒಂದೇ ಆದರೂ ಫರ್ನೇಸ್ ಪ್ರೋಗ್ರಾಮ್ (ಸುಡುವ ಬಿಸಿ, ಸಮಯದ ಸೆಟ್ಟಿಂಗ್) ಬೇರೆ ಬೇರೆ, ಅಲ್ವಾ? ಒಮ್ಮೆ ಅವಸರದಲ್ಲಿ ಜಿರ್ಕೋನಿಯಾದ ಪ್ರೋಗ್ರಾಮಿಗೇ ಡೈಸಿಲಿಕೇಟ್ ಕ್ರೌನ್ (ಕ್ಯಾಪ್) ಇಟ್ಟುಬಿಟ್ಟೆ. ಬಿಸಿ ಹೆಚ್ಚಾಗಿ ಅಂಚೆಲ್ಲ ದುಂಡಗಾಯಿತು. ಹೊಸದೇ ಮಾಡಿಕೊಡಬೇಕಾಯಿತು.

ಡಾಕ್ಟರು ಬಾಯಲ್ಲಿ ಕೂರಿಸುವಾಗ ಬರ್ (ತಿರುಗುತ್ತಾ ಉಜ್ಜುವ ಡ್ರಿಲ್ ತುದಿ) ಆಡಿಸಿದರೆ ಆ ಜಾಗದ ಗ್ಲೇಜ್ ಹೋಯಿತು ಅಂತಲೇ ಲೆಕ್ಕ. ಪಾಲಿಶ್ ಮಾಡದೆ ಬಿಟ್ಟರೆ ಎದುರಿನ ಹಲ್ಲು ಸವೆಯುತ್ತದೆ. ನಮ್ಮ ಕಡೆಯವರು ಖಡಕ್ ರೊಟ್ಟಿ ಅಗಿಯುವವರು ಬೇರೆ! ಅದಕ್ಕೇ ಜಿರ್ಕೋನಿಯಾ ದವಡೆ ಹಲ್ಲಾದರೆ ಅಗಿಯುವ ಭಾಗವನ್ನು ಮೊದಲೇ ಚೆನ್ನಾಗಿ ಪಾಲಿಶ್ ಮಾಡಿ, ಗ್ಲೇಜನ್ನು ಪಕ್ಕಗಳಿಗಷ್ಟೇ ಹಚ್ಚುತ್ತೇನೆ.